ಕಪ್ಪು ಹೋರಾಟಗಾರ್ತಿಯರ ಫಲಕಗಳು: ಯಾವ ಚಿತ್ರ ಹಾಕಬೇಕು, ರೂಪದ ಬಗ್ಗೆ ಏನು ಬರೆಯಬೇಕು?

1. ಗೋಡೆಬರಹ

ಮಾರ್ಚ್ ತಿಂಗಳಿಗೆ ಎಂಟು ಫಲಕಗಳ ಪ್ರದರ್ಶನ ಸಿದ್ಧವಾಗುತ್ತಿದೆ, ಬರಹವೆಲ್ಲ ಕನ್ನಡದಲ್ಲಿ. ಸೋಜರ್ನರ್ ಟ್ರೂಥ್, ಹ್ಯಾರಿಯೆಟ್ ಟಬ್‌ಮನ್, ರೋಸಾ ಪಾರ್ಕ್ಸ್, ಕ್ಲಾಡೆಟ್ ಕಾಲ್ವಿನ್, ಫ್ಯಾನಿ ಲೂ ಹೇಮರ್, ಗ್ಲೋರಿಯಾ ರಿಚರ್ಡ್‌ಸನ್, ಆ್ಯಂಜೆಲಾ ಡೇವಿಸ್, ಮರಿಯೆಲಿ ಫ್ರಾಂಕೊ. ಪ್ರತಿ ಫಲಕ 2 ಅಡಿ ಅಗಲ, 3 ಅಡಿ ಎತ್ತರ. ಒಂದು ದೊಡ್ಡ ಚಿತ್ರ, ಸುಮಾರು 120 ಪದಗಳ ಬರಹ.

ಈಗಿರುವ ಕರಡಿನಲ್ಲಿ ಇಂಥ ಸಾಲುಗಳಿವೆ: ಟ್ರೂಥ್‌ಗೆ "ಕಪ್ಪಗಿದ್ದರೂ ಕಳೆಯಾದ ಮುಖ", ಪಾರ್ಕ್ಸ್ ಚಿತ್ರದ ಕೆಳಗೆ "ಸೀಟು ಬಿಡಲೊಪ್ಪದ ಆ ಕ್ಷಣ", ಡೇವಿಸ್‌ಗೆ "ಕೆದರಿದ ಕೂದಲಿನ ಕ್ರಾಂತಿಕಾರಿಣಿ", ಹೇಮರ್‌ಗೆ "ದಡೂತಿ ಮೈಯ ಹಳ್ಳಿ ಹೆಂಗಸು". ಇವು ಹೋಗಲೇಬೇಕು. ಅವುಗಳ ಜಾಗದಲ್ಲಿ ಏನು ಬರಬೇಕು? ಇವರ ರೂಪ, ಉಡುಪು, ಕೂದಲಿನ ಬಗ್ಗೆ ಬರೆಯುವ ಅಗತ್ಯವಾದರೂ ಇದೆಯೇ? ವಿಷಯ ಬಲ್ಲವರು ಒಂದೊಂದಾಗಿ ತಿದ್ದಿಕೊಡಿ.

2. ಕಡತಮನೆ

ಪಾರ್ಕ್ಸ್‌ರಿಂದ ಶುರುಮಾಡೋಣ, ಯಾಕೆಂದರೆ ಕನ್ನಡದಲ್ಲಿ ಅತಿ ಹೆಚ್ಚು ಸಲ ತಪ್ಪು ಅಡಿಬರಹ ಹೊತ್ತಿರುವುದು ಆ ಚಿತ್ರವೇ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ್ದಕ್ಕೆ ಅವರ ಬಂಧನವಾದದ್ದು 1955ರ ಡಿಸೆಂಬರ್ 1ರಂದು, ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗಮರಿಯಲ್ಲಿ. ಆ ಸಂಜೆ ಬಸ್ಸಿನೊಳಗೆ ಯಾರೂ ಚಿತ್ರ ತೆಗೆದಿಲ್ಲ. ಕಿಟಕಿಯಾಚೆ ನೋಡುತ್ತ ಪಾರ್ಕ್ಸ್ ಕೂತಿದ್ದಾರೆ, ಹಿಂದಿನ ಸೀಟಿನಲ್ಲಿ ಒಬ್ಬ ಬಿಳಿಯ ಇದ್ದಾನಲ್ಲ, ಅದು 1956ರ ಡಿಸೆಂಬರ್ 21ರ ಚಿತ್ರ. ಕಪ್ಪು ಜನ ಬಸ್ಸು ಹತ್ತದೆ ನಡೆಸಿದ 381 ದಿನಗಳ ಬಹಿಷ್ಕಾರ ಮುಗಿದು, ಬಸ್ಸಿನಲ್ಲಿ ಎಲ್ಲಿ ಬೇಕಾದರೂ ಕೂರುವ ಹಕ್ಕು ಸಿಕ್ಕ ಮೊದಲ ದಿನ ಪತ್ರಿಕೆಗಳಿಗಾಗಿ ಯೋಜಿಸಿ ತೆಗೆದದ್ದು. ಹಿಂದೆ ಕೂತವನು ಸುದ್ದಿಸಂಸ್ಥೆಯ ವರದಿಗಾರ.

ಬೆರಳಚ್ಚು ಒತ್ತುತ್ತಿರುವ ಚಿತ್ರಕ್ಕೂ ಇದೇ ಗತಿ. ಅದು 1956ರ ಫೆಬ್ರವರಿ 22ರದ್ದು, ಬಹಿಷ್ಕಾರದ ಮುಂದಾಳುಗಳನ್ನು ಗುಂಪಾಗಿ ಹಿಡಿದಾಗ ತೆಗೆದದ್ದು. ಎದೆಯ ಮೇಲೆ 7053 ಎಂಬ ಸಂಖ್ಯೆಯಿರುವ ಪೊಲೀಸ್ ಚಿತ್ರವೂ ಆಗಿನದೇ.

ದಿನಾಂಕ ತಪ್ಪಾದರೆ ಏನಾಗುತ್ತದೆ ಎಂದರೆ, ಒಬ್ಬ ಸೌಮ್ಯ ಮುಖದ ಹೆಂಗಸು ದಣಿದು ಕೂತಿದ್ದಳು, ಇತಿಹಾಸ ತಾನಾಗಿ ಬದಲಾಯಿತು ಎಂಬ ಕತೆ ಹುಟ್ಟುತ್ತದೆ. ಅವರು ಆಗ 42 ವರ್ಷದವರು, ಒಂದು ದೊಡ್ಡ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು ಎಂಬುದು ನಿಜ. ಆದರೆ 1943ರಿಂದಲೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಮಾಂಟ್‌ಗಮರಿ ಶಾಖೆಯ ಕಾರ್ಯದರ್ಶಿ. 1944ರಲ್ಲಿ ಕಪ್ಪು ಮಹಿಳೆ ರೀಸಿ ಟೇಲರ್ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ವಿವರ ಕಲೆಹಾಕಲು ಆ್ಯಬಿವಿಲ್‌ಗೆ ಹೋಗಿದ್ದವರು. 1955ರ ಬೇಸಿಗೆಯಲ್ಲಿ ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಸಂಘಟನೆಯ ತರಬೇತಿ ಪಡೆದಿದ್ದರು. ಆ ಕೋಟು, ಟೋಪಿ, ಕನ್ನಡಕದ ಹಿಂದೆ 12 ವರ್ಷಗಳ ಕೆಲಸವಿತ್ತು. ಅಡಿಬರಹಕ್ಕೆ ಇದೇ ಬೇಕು.

3. ಮಸಿಕುಡಿಕೆ

ಪಾರ್ಕ್ಸ್‌ಗೂ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಅದೇ ಊರಲ್ಲಿ 15 ವರ್ಷದ ಕಾಲ್ವಿನ್ ಸೀಟು ಬಿಡಲಿಲ್ಲ. ಅವಳು ಗರ್ಭಿಣಿಯಾದಳು ಅಂತ ಮುಖಂಡರು ಕೈಬಿಟ್ಟರು, ಪಾರ್ಕ್ಸ್‌ರನ್ನು ಮುಂದೆ ತಂದರು. ಫಲಕದಲ್ಲಿ ಇಷ್ಟು ಹೇಳಿದರೆ ಸಾಕಲ್ಲವೇ?

4. ಕಡತಮನೆ

ಸಾಲದು, ಯಾಕೆಂದರೆ ತಿಂಗಳುಗಳ ಲೆಕ್ಕ ಹೊಂದುವುದಿಲ್ಲ. ಬಂಧನ ಮಾರ್ಚ್‌ನಲ್ಲಿ. ಬಾಲಾಪರಾಧಿ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದೂ ಮಾರ್ಚ್‌ನಲ್ಲೇ. ಮೇ ತಿಂಗಳ ಮೇಲ್ಮನವಿಯಲ್ಲಿ ನ್ಯಾಯಾಧೀಶರು ಬೇರ್ಪಡಿಕೆ ಕಾನೂನು (ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ಕಾನೂನು) ಮುರಿದ ಆರೋಪವನ್ನೂ ಶಾಂತಿಭಂಗದ ಆರೋಪವನ್ನೂ ತೆಗೆದು, ಪೊಲೀಸರ ಮೇಲೆ ಹಲ್ಲೆ ಎಂಬ ಒಂದನ್ನು ಮಾತ್ರ ಉಳಿಸಿದರು. ಕಾನೂನನ್ನೇ ಪ್ರಶ್ನಿಸುವ ದಾರಿ ಅಲ್ಲಿಗೆ ಮುಚ್ಚಿತು. ಅವರು ಗರ್ಭಿಣಿಯಾದದ್ದು ಇದೆಲ್ಲ ಆದ ಮೇಲೆ.

ಹಾಗಾದರೆ ಮುಖಂಡರ ಹಿಂಜರಿಕೆಗೆ ಬೇರೆ ಕಾರಣಗಳೂ ಇದ್ದವು. ವಯಸ್ಸು ಚಿಕ್ಕದು, ಸಿಟ್ಟು ಬೇಗ ಬರುತ್ತದೆ ಎಂಬ ಮಾತು. ಕಿಂಗ್ ಹಿಲ್ ಎಂಬ ಬಡವರ ಕೇರಿಯ ಮನೆ. ಪಾರ್ಕ್ಸ್‌ರಿಗಿಂತ ಕಡುಕಪ್ಪು ಮೈಬಣ್ಣ. ಹೈಸ್ಕೂಲಿನಲ್ಲಿದ್ದಾಗಲೇ ಅವರು ಕೂದಲು ನೇರಮಾಡುವುದನ್ನು ಬಿಟ್ಟಿದ್ದರು, ಆ ಕಾಲದ ಆ ಊರಿನಲ್ಲಿ ಅದು ಅಕ್ಕಪಕ್ಕದವರು ಮೂಗುಮುರಿಯುವ ನಡೆ. ಬಣ್ಣ ಮತ್ತು ವರ್ಗ ತನ್ನ ವಿರುದ್ಧ ಕೆಲಸ ಮಾಡಿದವು ಎಂದು ಕಾಲ್ವಿನ್ ಅವರೇ ಆಮೇಲೆ ಸ್ಪಷ್ಟವಾಗಿ ಹೇಳಿದ್ದಾರೆ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ಸಂಗತಿ. 1956ರ ಫೆಬ್ರವರಿ 1ರಂದು ಫೆಡರಲ್ ನ್ಯಾಯಾಲಯದಲ್ಲಿ ಬ್ರೌಡರ್ ವಿರುದ್ಧ ಗೇಲ್ ಮೊಕದ್ದಮೆ ಹೂಡಿದರು. ಅದರ ಅರ್ಜಿದಾರರಲ್ಲಿ ಕಾಲ್ವಿನ್ ಒಬ್ಬರು. ಆರೆಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಉಳಿದವರು. ಆಗ ಕಾಲ್ವಿನ್ ತುಂಬು ಗರ್ಭಿಣಿ. ಮೇ ತಿಂಗಳಲ್ಲಿ ಸಾಕ್ಷಿ ನುಡಿಯುವಾಗ ಕೂಸಿನ ತಾಯಿ. ಬಸ್ಸುಗಳ ಬೇರ್ಪಡಿಕೆಯನ್ನು ಮುಗಿಸಿದ್ದು ಈ ಮೊಕದ್ದಮೆ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 1956ರ ನವೆಂಬರ್ 13ರಂದು. ಪಾರ್ಕ್ಸ್ ಹೆಸರು ಅದರಲ್ಲಿ ಇಲ್ಲ, ಅವರ ಪ್ರಕರಣ ರಾಜ್ಯದ ನ್ಯಾಯಾಲಯದಲ್ಲಿತ್ತು. ನ್ಯಾಯಾಲಯದ ಕಡತಕ್ಕೆ ಕಾಲ್ವಿನ್ ಬೇಕಾಗಿದ್ದರು, ಕ್ಯಾಮೆರಾದ ಮುಂದೆ ಬೇಡವಾಗಿದ್ದರು. ಈ ಅಂತರವನ್ನು ಫಲಕ ತೋರಿಸಿದರೆ ಸೌಂದರ್ಯದ ಮಾನದಂಡ ಹೇಗೆ ಕೆಲಸ ಮಾಡುತ್ತದೆಂದು ಬೇರೆ ವಿವರಣೆ ಬೇಕಿಲ್ಲ.

ಅವರ ಬಾಲಾಪರಾಧದ ದಾಖಲೆಯನ್ನು ನ್ಯಾಯಾಲಯ ಅಳಿಸಿದ್ದು 2021ರಲ್ಲಿ. ಆಗ ಅವರಿಗೆ 82 ವರ್ಷ.

5. ಮಸಿಕುಡಿಕೆ

ಒಪ್ಪಿದೆ. ಆದರೆ ಮುಖಂಡರನ್ನು ಬರೀ ಖಳರನ್ನಾಗಿ ಮಾಡಬೇಡಿ. ಎದುರಾಳಿಯ ಪತ್ರಿಕೆಗಳು ಸಣ್ಣ ಬಿರುಕು ಹುಡುಕುತ್ತಿದ್ದವು ಎಂಬುದೂ ಸತ್ಯ.

6. ಕಡತಮನೆ

ಸರಿಯಾದ ಮಾತು. ಹಿನ್ನೆಲೆಗೆ ಒಂದು ಸಾಲು ಸೇರಿಸಬಹುದು. 1896ರಲ್ಲಿ ಹುಟ್ಟಿದ ಕಪ್ಪು ಮಹಿಳಾ ಸಂಘಗಳ ರಾಷ್ಟ್ರೀಯ ಒಕ್ಕೂಟದ ಕಾಲದಿಂದ ಅಚ್ಚುಕಟ್ಟಾದ ಉಡುಪು, ನಡೆನುಡಿ ಒಂದು ಕವಚವಾಗಿತ್ತು. ಇತಿಹಾಸಕಾರ್ತಿ ಎವೆಲಿನ್ ಬ್ರೂಕ್ಸ್ ಹಿಗಿನ್‌ಬಾಥಮ್ 1993ರಲ್ಲಿ ಇದಕ್ಕೆ ಮರ್ಯಾದೆಯ ರಾಜಕಾರಣ ಎಂಬರ್ಥದ ಹೆಸರು ಕೊಟ್ಟರು. ಎದುರಿಗೆ ಏನಿತ್ತು ನೋಡಿ: 1923ರಲ್ಲಿ ಅಮೆರಿಕದ ಸೆನೆಟ್, ಬಿಳಿಯರ ಮಕ್ಕಳನ್ನು ಸಾಕುವ "ನಿಷ್ಠಾವಂತ ಕಪ್ಪು ದಾದಿ"ಯ ಸ್ಮಾರಕವನ್ನು ವಾಷಿಂಗ್ಟನ್‌ನಲ್ಲಿ ನಿಲ್ಲಿಸಲು ಒಪ್ಪಿಗೆ ಕೊಟ್ಟಿತ್ತು. ಕಪ್ಪು ಮಹಿಳಾ ಸಂಘಗಳು ಪ್ರತಿಭಟಿಸಿದ ಮೇಲೆ ಅದು ಬಿದ್ದುಹೋಯಿತು. ಇಂಥ ಚಿತ್ರದ ಎದುರು ನಿಲ್ಲಬೇಕಾದವರು ಕೈಗವಸು, ಟೋಪಿ ಹಾಕಿಕೊಂಡರು. ಕವಚದೊಳಗೆ ಹಿಡಿಸದವರು ಹೊರಗುಳಿದರು.

7. ನೆರಳುಬೆಳಕು

ಟ್ರೂಥ್ ಮತ್ತು ಟಬ್‌ಮನ್ ಬಗ್ಗೆ ನಾನು.

ಗುಲಾಮಗಿರಿಯಿಂದ ಹೊರಬಂದು ಅದರ ವಿರುದ್ಧ ಊರೂರಲ್ಲಿ ಮಾತಾಡಿದ ಟ್ರೂಥ್ ತಮ್ಮ ಚಿತ್ರವನ್ನು ತಾವೇ ನಿಭಾಯಿಸಿದವರು. 1858ರಲ್ಲಿ ಇಂಡಿಯಾನಾದ ಸಭೆಯೊಂದರಲ್ಲಿ, ನೀನು ಹೆಣ್ಣೇ ಅಲ್ಲ, ಎದೆ ತೋರಿಸಿ ಸಾಬೀತು ಮಾಡು ಎಂದು ಗಂಡಸರು ಕೂಗಿದರು. ಅವರು ರವಿಕೆ ಬಿಚ್ಚಿ ತೋರಿಸಿ, ನಾಚಿಕೆ ನನ್ನದಲ್ಲ, ನಿಮ್ಮದು ಎಂದರು. ಐದಾರು ವರ್ಷಗಳ ನಂತರದ ಸ್ಟುಡಿಯೊ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಶಾಲು, ಕೈಯಲ್ಲಿ ಹೆಣಿಗೆಯ ನೂಲು, ಪಕ್ಕದ ಮೇಜಿನ ಮೇಲೆ ಪುಸ್ತಕ, ಹೂ. ಗುಲಾಮಗಿರಿಯ ಗಾಯ ತೋರಿಸಿ ಕನಿಕರ ಕೇಳುವ ಭಂಗಿ ಇಲ್ಲ. ಇವು ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ರಟ್ಟಿನ ಕಾರ್ಡುಗಳು. 1864ರಲ್ಲಿ ತಮ್ಮ ಹೆಸರಲ್ಲೇ ಹಕ್ಕು ನೋಂದಾಯಿಸಿ, ಸಭೆಗಳಲ್ಲಿ ಮಾರಿ ಬದುಕಿನ ಖರ್ಚು ನಡೆಸಿದರು. ಕಾರ್ಡಿನ ಕೆಳಗೆ ಅಚ್ಚಾದ ಸಾಲಿನ ಅರ್ಥ: "ಸತ್ವವನ್ನು ಪೊರೆಯಲು ನೆರಳನ್ನು ಮಾರುತ್ತೇನೆ." ನೆರಳು ಅಂದರೆ ಆಗಿನ ಬಳಕೆಯಲ್ಲಿ ಫೋಟೊ. ಒಂದು ಕಾಲಕ್ಕೆ ಅವರ ಮೈಯನ್ನೇ ಬೇರೆಯವರು ಮಾರಿದ್ದರು. ಈಗ ಅವರು ನೆರಳನ್ನು ಮಾತ್ರ ಮಾರುತ್ತಿದ್ದಾರೆ. "ಕಪ್ಪಗಿದ್ದರೂ ಕಳೆಯಾದ ಮುಖ" ಅನ್ನುವ ಜಾಗಕ್ಕೆ ಈ ಕಾರ್ಡಿನ ಸಾಲು ಹಾಕಿ.

ಎಚ್ಚರಿಕೆ: 1851ರಲ್ಲಿ ಒಹಾಯೊದ ಏಕ್ರನ್‌ನ ಮಹಿಳಾ ಸಮ್ಮೇಳನದಲ್ಲಿ ಟ್ರೂಥ್ ಮಾಡಿದ ಭಾಷಣದ ಪ್ರಸಿದ್ಧ ಪಾಠ, "ನಾನು ಹೆಣ್ಣಲ್ಲವೇ" ಎಂದು ಮತ್ತೆ ಮತ್ತೆ ಬರುವುದು, 12 ವರ್ಷಗಳ ನಂತರ ಆ ಸಮ್ಮೇಳನದ ಅಧ್ಯಕ್ಷೆ ಫ್ರಾನ್ಸಿಸ್ ಗೇಜ್ ಬರೆದದ್ದು. ಅದರಲ್ಲಿ ದಕ್ಷಿಣದ ಗುಲಾಮರ ಆಡುಮಾತನ್ನು ಅವರ ಬಾಯಿಗೆ ತುರುಕಲಾಗಿದೆ. ಟ್ರೂಥ್ ನ್ಯೂಯಾರ್ಕ್ ಪ್ರಾಂತ್ಯದ ಅಲ್ಸ್ಟರ್ ಕೌಂಟಿಯವರು, ತಾಯಿನುಡಿ ಡಚ್. 1851ರಲ್ಲೇ ಅಚ್ಚಾದ ವರದಿಯಲ್ಲಿ ಆ ಪಲ್ಲವಿಯೇ ಇಲ್ಲ. ಆದ್ದರಿಂದ ಅವರ ಮಾತನ್ನು ನಮ್ಮ ಯಾವುದೋ ಗ್ರಾಮ್ಯ ಕನ್ನಡಕ್ಕೆ ಇಳಿಸಬೇಡಿ.

ಗುಲಾಮಗಿರಿಯಿಂದ ಜನರನ್ನು ಪಾರುಮಾಡಿದ ಟಬ್‌ಮನ್‌ಗೆ 2017ರಲ್ಲಿ ಬೆಳಕಿಗೆ ಬಂದ ಚಿತ್ರ ಬಳಸಿ. 1868–69ರ ಸುಮಾರಿಗೆ ನ್ಯೂಯಾರ್ಕ್ ಪ್ರಾಂತ್ಯದ ಆಬರ್ನ್‌ನಲ್ಲಿ ತೆಗೆದದ್ದು, ಅವರಿಗಾಗ ನಲವತ್ತರ ಹರೆಯ. ನೆರಿಗೆಯ ರವಿಕೆ, ಅಗಲ ಲಂಗ, ಕುರ್ಚಿಯ ಬೆನ್ನಿನ ಮೇಲೆ ತೋಳು. ಅಲ್ಲಿಯವರೆಗೆ ಹೆಚ್ಚಿನವರ ಮನಸ್ಸಿನಲ್ಲಿದ್ದದ್ದು ಬಳಲಿದ ಮುದುಕಿಯ ಮುಖ. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ದೊಡ್ಡ ಕಡತ ಸಿಗುತ್ತದೆ.

8. ಬಾಚಣಿಗೆ

ಕೂದಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಅಲಂಕಾರ ಅಂತ ಬದಿಗಿಟ್ಟರೆ 1960ರ ದಶಕದ ಚಿತ್ರಗಳೇ ಅರ್ಥವಾಗುವುದಿಲ್ಲ.

ಆಗ ಕೂದಲು ನೇರಮಾಡಲು ಎರಡು ದಾರಿ. ಮೊದಲನೆಯದು ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆ, ಜೊತೆಗೆ ಜಿಡ್ಡಿನ ಮುಲಾಮು. ಬಿಸಿಯು ಕೂದಲಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ, ಅಷ್ಟೇ. ನೀರು, ಬೆವರು ತಾಗಿದ ಕೂಡಲೇ ಬಂಧ ಮರಳಿ, ಸುರುಳಿಯೂ ಮರಳುತ್ತದೆ. ಎರಡನೆಯದು ರಿಲ್ಯಾಕ್ಸರ್. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಇರುವ ಲೇಪ, ಪಿಎಚ್ 12ಕ್ಕೂ ಮೇಲೆ. ಇದು ಗಂಧಕದ ಬಂಧವನ್ನೇ ಒಡೆಯುವುದರಿಂದ ಆ ಎಳೆ ಮತ್ತೆ ಸುರುಳಿಯಾಗದು. ಆದರೆ ಬುಡದಲ್ಲಿ ತಿಂಗಳಿಗೆ ಸುಮಾರು 1.25 ಸೆಂ.ಮೀ. ಹೊಸ ಕೂದಲು ಸುರುಳಿಯಾಗಿಯೇ ಬರುತ್ತದೆ. 6–8 ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. ಹೊತ್ತು ಮೀರಿದರೆ ನೆತ್ತಿ ಸುಡುತ್ತದೆ. ಹಳೆಯ ಲೇಪದ ಮೇಲೆ ಹೊಸದು ಬಿದ್ದರೆ ಎಳೆ ಅಲ್ಲೇ ತುಂಡಾಗುತ್ತದೆ.

ಈಗ ಯೋಚಿಸಿ. 1963ರ ಮೇ ತಿಂಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿಭಟನಕಾರರ ಮೇಲೆ ಅಗ್ನಿಶಾಮಕದ ನೀರು ಬಿಟ್ಟರು. ಮಿಸಿಸಿಪ್ಪಿಯಲ್ಲಿ ವಾರಗಟ್ಟಲೆ ಸೆರೆ, ಜೂನ್‌ನ ಸೆಕೆ. ಅಲ್ಲಿ ಬಿಸಿ ಬಾಚಣಿಗೆಯ ಕೂದಲು ಒಂದು ದಿನವೂ ನಿಲ್ಲದು. ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿಯ ಹುಡುಗಿಯರು ಕೂದಲನ್ನು ಹಾಗೇ ಬಿಟ್ಟು, ಗೇಣಿ ರೈತರು ತೊಡುವ ಡೆನಿಮ್ ಮೇಲಂಗಿ ಹಾಕಿದ್ದಕ್ಕೆ ಇದೂ ಒಂದು ಕಾರಣ. ಹತ್ತಿ ಹೊಲದ ಮನೆಗಳಿಗೆ ಮತದಾರರ ನೋಂದಣಿಗೆ ಹೋಗುವಾಗ ರೇಷ್ಮೆ ಲಂಗ ದೂರ ಮಾಡುತ್ತದೆ ಎಂಬುದು ಇನ್ನೊಂದು.

"ಕೆದರಿದ ಕೂದಲು" ಅನ್ನುವುದು ವಾಸ್ತವಕ್ಕೇ ತಪ್ಪು. ಆಫ್ರೋ ಎಂದರೆ ಬಾಚದೆ ಬಿಟ್ಟದ್ದಲ್ಲ. ತೊಳೆದು, ಭಾಗ ಮಾಡಿ, ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದತ್ತ ಸಿಕ್ಕು ಬಿಡಿಸಬೇಕು. ಬುಡದಿಂದ ಶುರುಮಾಡಿದರೆ ಗಂಟು ಬಿಗಿದು ಕೂದಲು ಕಿತ್ತುಬರುತ್ತದೆ. ಬಿಗಿ ಸುರುಳಿಯ ಕೂದಲು ಒಣಗಿದಾಗ ಅರ್ಧಕ್ಕೂ ಕಡಿಮೆ ಉದ್ದ ಕಾಣಬಹುದು. ಒಣಗಿದ ಮೇಲೆ ಉದ್ದ ಹಲ್ಲಿನ ಪಿಕ್ ಹಾಕಿ ಬುಡದಿಂದ ಮೇಲೆತ್ತಿ, ಕೊನೆಗೆ ಕತ್ತರಿಯಲ್ಲಿ ದುಂಡಗೆ ಮಾಡುತ್ತಾರೆ. ಡೇವಿಸ್‌ರ ಆ ಗೋಲಾಕಾರ ಹೀಗೆ ಬಂದದ್ದು.

ಇನ್ನೊಂದು: ಆಫ್ರೋ ಶುರುವಾದದ್ದು ಡೇವಿಸ್‌ರಿಂದಲ್ಲ. 1962ರ ಜನವರಿ 28ರಂದೇ ಹಾರ್ಲೆಮ್‌ನಲ್ಲಿ ಗ್ರಾಂಡಾಸ್ಸಾ ರೂಪದರ್ಶಿಯರು ನೇರಮಾಡದ ಕೂದಲಿನಲ್ಲಿ ವೇದಿಕೆಗೆ ಬಂದರು. ಕಪ್ಪು ಸುಂದರ ಎಂಬ ಮಾತನ್ನು ಊರೂರಿಗೆ ಒಯ್ದ ಪ್ರದರ್ಶನ ಅದು, ಛಾಯಾಗ್ರಾಹಕ ಕ್ವಾಮೆ ಬ್ರಾತ್‌ವೇಟ್ ಅದರ ಸಂಘಟಕರಲ್ಲೊಬ್ಬರು. ಗಾಯಕಿ ಮಿರಿಯಮ್ ಮಕೇಬಾ 1963ರಲ್ಲಿ ವಿಶ್ವಸಂಸ್ಥೆಯ ಸಮಿತಿಯ ಮುಂದೆ ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಮಾತಾಡಿದಾಗಲೂ ಅವರ ಕೂದಲು ನೇರಮಾಡಿದ್ದಲ್ಲ.

9. ಗೋಡೆಬರಹ

ಬಾಚಣಿಗೆ ಮೇಡಂ, ರಿಲ್ಯಾಕ್ಸರ್‌ನ ಆರೋಗ್ಯದ ತೊಂದರೆ ಕೂಡ ಸೇರಿಸಬಹುದೇ?

10. ಬಾಚಣಿಗೆ

ಒಂದು ಸಾಲು ಸಾಕು, ಅಳೆದು ಬರೆಯಿರಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ 2022ರ ಅಧ್ಯಯನ ಸುಮಾರು 33,500 ಮಹಿಳೆಯರನ್ನು ಗಮನಿಸಿತು. ಕೂದಲು ನೇರಮಾಡುವ ರಾಸಾಯನಿಕ ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ 1.64 ಶೇಕಡಾ; ಪದೇ ಪದೇ, ಅಂದರೆ ಹಿಂದಿನ ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05 ಶೇಕಡಾ ಎಂದು ಅಂದಾಜಿಸಿತು. ಇದು ಸಂಬಂಧ ತೋರಿಸಿದ ಅಧ್ಯಯನ. "ಕ್ಯಾನ್ಸರ್ ತರುತ್ತದೆ" ಎಂದು ಖಡಾಖಂಡಿತವಾಗಿ ಬರೆಯಬೇಡಿ.

11. ವಕೀಲಕಟ್ಟೆ

ಕಾನೂನಿನ ಎಳೆ ಚಿಕ್ಕದಾಗಿ. 1976ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ಕೆಲಸದಲ್ಲಿ ಆಫ್ರೋ ಕಾರಣಕ್ಕೆ ತಾರತಮ್ಯವಾಯಿತೆಂಬ ದೂರನ್ನು ಜನಾಂಗ ತಾರತಮ್ಯದ ದೂರಾಗಿ ಸ್ವೀಕರಿಸಿತು. 1981ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ, ವಿಮಾನಸಂಸ್ಥೆಯೊಂದರ ಉದ್ಯೋಗಿಯ ಸಾಲುಜಡೆಗೆ ಆ ರಕ್ಷಣೆ ಇಲ್ಲ ಎಂದಿತು. ಆಫ್ರೋ ಹುಟ್ಟಿನಿಂದ ಬಂದದ್ದು, ಜಡೆ ಹೆಣೆದುಕೊಂಡದ್ದು ಎಂಬ ತರ್ಕ. ಬಿಳಿಯ ನಟಿಯೊಬ್ಬರು ಸಿನಿಮಾದಲ್ಲಿ ಆ ಜಡೆ ಹಾಕಿ ಜನಪ್ರಿಯಗೊಳಿಸಿದ್ದನ್ನೂ ತೀರ್ಪಿನಲ್ಲಿ ಎತ್ತಿದರು. 2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಲಾಕ್ಸ್ (ಹಗ್ಗದೆಳೆಗಳಂತೆ ಸುತ್ತಿ ಬೆಳೆಸಿದ ಕೂದಲು) ಬಗ್ಗೆ ಹೆಚ್ಚುಕಡಿಮೆ ಅದನ್ನೇ ಹೇಳಿತು. ಈ ಬಾಗಿಲು ಮುಚ್ಚಲು 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ, ಕೂದಲಿನ ರೀತಿಯ ಕಾರಣಕ್ಕೆ ತಾರತಮ್ಯ ಮಾಡುವುದನ್ನು ತಡೆಯುವ ಕ್ರೌನ್ ಕಾಯ್ದೆ ತಂದಿತು, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ತಂದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರ ಮಾರ್ಚ್‌ನಲ್ಲಿ ಕೆಳಮನೆ ದಾಟಿತು, ಸೆನೆಟ್ ದಾಟಲಿಲ್ಲ.

12. ಪದಚೀಲ

ಕನ್ನಡದ ಪದಗಳ ಮಾತು ಬಂದಿಲ್ಲ, ಹೇಳುತ್ತೇನೆ.

"ಕರಿಯ", "ಕರಿಯಳು", "ನೀಗ್ರೋ" ಬೇಡ. ಹಳೆಯ ಸಂಸ್ಥೆಯ ಹೆಸರಿನೊಳಗೆ ಬಂದರೆ ಮಾತ್ರ ಹಾಗೇ ಬಿಡಿ. "ಕಪ್ಪು ಮಹಿಳೆ" ಸಾಕು. ಅಮೆರಿಕದವರಿಗೆ "ಆಫ್ರಿಕನ್ ಅಮೆರಿಕನ್" ಕೂಡ ಆದೀತು, ಫ್ರಾಂಕೊ ಅವರಿಗೆ ಆಗದು, ಅವರು ಬ್ರೆಜಿಲ್‌ನವರು. "ಕಪ್ಪಗಿದ್ದರೂ" ಎಂಬಲ್ಲಿನ "ಊ" ಪ್ರತ್ಯಯವೇ ಇಡೀ ಅವಮಾನವನ್ನು ಹೊತ್ತಿದೆ. "ಕೃಷ್ಣಸುಂದರಿ" ಎಂದು ಸಂಸ್ಕೃತದ ಪನ್ನೀರು ಚಿಮುಕಿಸಿದರೂ ಅದು ಹೋಗುವುದಿಲ್ಲ.

ಪಾರ್ಕ್ಸ್ ಬಗ್ಗೆ "ಎಣ್ಣೆಗೆಂಪು", "ಗೋಧಿಬಣ್ಣ" ಎಂದು ಬರೆಯಬೇಡಿ. ಅವು ನಮ್ಮ ವಧುವರರ ಜಾಹೀರಾತಿನ ಪದಗಳು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಆಗ ಒಬ್ಬ ಕಪ್ಪು ಪೂರ್ವಜ ಇದ್ದರೂ ಕಾನೂನು ಕಪ್ಪು ಎಂದೇ ಎಣಿಸುತ್ತಿತ್ತು, ಕಪ್ಪು ಸಮುದಾಯದ ಒಳಗೆ ತಿಳಿ-ಕಡು ಎಂಬ ಭೇದ ಬೇರೆಯಾಗಿ ಕೆಲಸ ಮಾಡುತ್ತಿತ್ತು. "ಕಾಲ್ವಿನ್‌ಗಿಂತ ತಿಳಿಯಾದ ಮೈಬಣ್ಣ" ಎಂದು ನೇರವಾಗಿ ಹೇಳಿ.

ಕೂದಲಿಗೆ: ಸುರುಳಿ ಕೂದಲು, ಬಿಗಿ ಸುರುಳಿ, ಆಫ್ರೋ. ನೆತ್ತಿಗಂಟಿದಂತೆ ಸಾಲಾಗಿ ಹೆಣೆದದ್ದು ಸಾಲುಜಡೆ. ಲಾಕ್ಸ್ ಅನ್ನು "ಜಟೆ" ಎಂದರೆ ಓದುಗರಿಗೆ ಸನ್ಯಾಸಿಯೋ ಎಣ್ಣೆ ಕಾಣದ ತಲೆಯೋ ನೆನಪಾಗುತ್ತದೆ. ಲಾಕ್ಸ್ ಎಂದೇ ಬರೆದು ಒಮ್ಮೆ ವಿವರಿಸಿ. ತಲೆವಸ್ತ್ರವನ್ನು "ಮುಂಡಾಸು" ಎನ್ನಬೇಡಿ. ಅದಕ್ಕೆ ತನ್ನದೇ ಇತಿಹಾಸವಿದೆ: 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಮಿರೊ, ಸ್ವತಂತ್ರ ಕಪ್ಪು ಮಹಿಳೆಯರು ಕೂದಲ ಅಲಂಕಾರ ತೋರಿಸದೆ ತಲೆಗೆ ಬಟ್ಟೆ ಕಟ್ಟಬೇಕೆಂದು ಆಜ್ಞೆ ಹೊರಡಿಸಿದ. ಅವರು ಆ ಬಟ್ಟೆಯನ್ನೇ ಬಣ್ಣಬಣ್ಣವಾಗಿ ಎತ್ತಿ ಕಟ್ಟಿದರು.

13. ಮಲೆಸೀಮೆ

ಪದಚೀಲ ಅವರು ಹೇಳಿದ್ದಕ್ಕೆ ಒಂದು ಮಾತು. ಈ ಫಲಕ ಓದುವವರಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಇರುತ್ತಾರೆ. ಆಫ್ರಿಕಾ ಮೂಲದವರು, ಕನ್ನಡದಲ್ಲೇ ಶಾಲೆ ಕಲಿಯುವವರು. "ಉಣ್ಣೆಯಂಥ ಕೂದಲು", "ದಪ್ಪ ತುಟಿಯ" ಎಂದು ಬರೆದರೆ ಅದು ದೂರದ ಯಾರ ಬಗ್ಗೆಯೋ ಆಗಿ ಉಳಿಯುವುದಿಲ್ಲ. ಅಚ್ಚಿಗೆ ಮೊದಲು ಕರಡನ್ನು ಅವರಲ್ಲಿ ಇಬ್ಬರಿಗಾದರೂ ಓದಿಸಿ.

14. ಅಚ್ಚುಮೊಳೆ

ಬರಹ ಎಷ್ಟೇ ಚೆನ್ನಾಗಿರಲಿ, ಅಚ್ಚಿನಲ್ಲಿ ಮುಖ ಕಪ್ಪು ಕಲೆಯಾಗಿ ಬಂದರೆ ಮುಗಿಯಿತು. 24×36 ಇಂಚಿನ ಫಲಕಕ್ಕೆ 150 ಡಿಪಿಐ ಸಾಕು, ಅಂದರೆ 3600×5400 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಬಳಸಬೇಡಿ, ಸಂಗ್ರಹಾಲಯದ ಟಿಫ್ ಕಡತ ಇಳಿಸಿಕೊಳ್ಳಿ.

ತಪ್ಪು ಆಗುವುದು ಎರಡು ಕಡೆ. ಒಂದು, ಮಸಿ ಹರಡುವುದು. ಸುದ್ದಿಕಾಗದದಲ್ಲಿ ಶೇ 50ರ ಚುಕ್ಕಿ, ಅಂದರೆ ಅರ್ಧ ಜಾಗಕ್ಕೆ ಮಾತ್ರ ಮಸಿ ಬೀಳಬೇಕಾದದ್ದು, ಶೇ 75ರ ಹತ್ತಿರ ಕಾಣುತ್ತದೆ. ಕಡುಬಣ್ಣದ ಮುಖದ ವಿವರವೆಲ್ಲ ಶೇ 65ರಿಂದ 90ರೊಳಗೆ ಇರುವುದರಿಂದ ಕೆನ್ನೆ, ಕಣ್ಣಿನ ಕೆಳಗು, ಕೂದಲು ಎಲ್ಲ ಒಂದಾಗುತ್ತದೆ. ಎರಡು, ಇದನ್ನು ಸರಿಪಡಿಸಲು ಡಿಟಿಪಿಯವರು ಬ್ರೈಟ್‌ನೆಸ್ ಏರಿಸುತ್ತಾರೆ. ಆಗ ಮುಖ ಸುಣ್ಣ ಬಳಿದಂತೆ ಬೂದಿಯಾಗುತ್ತದೆ, ಮೈಬಣ್ಣವೇ ಸುಳ್ಳಾಗುತ್ತದೆ. ಮಾಡಬೇಕಾದದ್ದು: ಚಿತ್ರ ತಿದ್ದುವ ತಂತ್ರಾಂಶದ ಕರ್ವ್ಸ್‌ನಲ್ಲಿ ಶೇ 75ರ ಬಿಂದುವನ್ನು ಮಾತ್ರ 65ಕ್ಕೆ ತನ್ನಿ, 25ರದ್ದನ್ನು ಮುಟ್ಟಬೇಡಿ, ಕಡುಕಪ್ಪು ಹಾಗೇ ಇರಲಿ. ಆಟೋ ಲೆವೆಲ್ಸ್ ಒತ್ತಬೇಡಿ. ಕೂದಲಿನ ಅಂಚು ಹಿನ್ನೆಲೆಯಿಂದ ಬಿಡಿಬಿಡಿಯಾಗಿ ಕಾಣುತ್ತದೆಯೇ, ಹಣೆಯ ಬೆಳಕು ಉಳಿದಿದೆಯೇ ನೋಡಿ.

ಫ್ಲೆಕ್ಸ್‌ನಲ್ಲಿ ಕಪ್ಪುಬಿಳಿ ಚಿತ್ರವನ್ನು ನಾಲ್ಕು ಬಣ್ಣದಲ್ಲಿ ಹೊಡೆದರೆ ಹಸಿರೋ ಗುಲಾಬಿಯೋ ಛಾಯೆ ಬರುತ್ತದೆ. ಕಪ್ಪು ಮಸಿಯೊಂದರಲ್ಲೇ ಹೊಡೆಯಲು ಹೇಳಿ. ತಂತ್ರಾಂಶದಿಂದ ಬಣ್ಣ ಹಚ್ಚಿಸಲೇಬೇಡಿ. ಎಂಟೂ ಜನರ ಮೈಗೆ ಒಂದೇ ತಿಳಿಕಂದು ಬಳಿದು, ಇರುವ ವ್ಯತ್ಯಾಸವನ್ನೇ ಅಳಿಸುತ್ತದೆ.

15. ಮಸಿಕುಡಿಕೆ

ಕೊಡ್ಯಾಕ್‌ನ ಶರ್ಲಿ ಕಾರ್ಡಿನಿಂದಾಗಿ ಆ ಕಾಲದ ಚಿತ್ರಗಳೆಲ್ಲ ಕೆಟ್ಟು ಬಂದವು ಎಂದು ಓದಿದ್ದೇನೆ. ಅದನ್ನೂ ಸೇರಿಸಬಹುದೇ?

16. ನೆರಳುಬೆಳಕು

ಈ ಫಲಕಗಳಿಗೆ ಹೊಂದುವುದಿಲ್ಲ. ಶರ್ಲಿ ಕಾರ್ಡು ಬಣ್ಣದ ಮುದ್ರಣದ್ದು: ಬಿಳಿ ಹೆಣ್ಣಿನ ಚಿತ್ರವನ್ನು ಅಳತೆಗೋಲಾಗಿ ಇಟ್ಟು ಲ್ಯಾಬ್‌ಗಳು ಬಣ್ಣ ಹೊಂದಿಸುತ್ತಿದ್ದವು, ಕಡು ಮೈಬಣ್ಣ ಅದರಲ್ಲಿ ಹಾಳಾಗುತ್ತಿತ್ತು. ಪಾರ್ಕ್ಸ್, ಹೇಮರ್, ರಿಚರ್ಡ್‌ಸನ್ ಚಿತ್ರಗಳು ಕಪ್ಪುಬಿಳಿಯವು. ಅಲ್ಲಿ ಕಾಟ ಕೊಟ್ಟದ್ದು ಪತ್ರಿಕೆಯ ಒರಟು ಚುಕ್ಕಿಜಾಲ, ಅಚ್ಚುಮೊಳೆ ಅವರು ಹೇಳಿದ್ದೇ. ಫ್ರಾಂಕೊ ಫಲಕಕ್ಕೆ ಬೇಕಾದರೆ ಹತ್ತಿರದ ಉದಾಹರಣೆ ಇದೆ: 2018ರಲ್ಲಿ ಜಾಯ್ ಬ್ಯುಲಮ್ವಿನಿ, ಟಿಮ್ನಿಟ್ ಗೆಬ್ರು ನಡೆಸಿದ ಪರೀಕ್ಷೆಯಲ್ಲಿ, ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ತಂತ್ರಾಂಶಗಳು ತಿಳಿ ಮೈಬಣ್ಣದ ಗಂಡಸರಲ್ಲಿ ಹೆಚ್ಚೆಂದರೆ ಶೇ 0.8 ತಪ್ಪಿದವು, ಕಡು ಮೈಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ ತಪ್ಪಿದವು. ಟ್ರೂಥ್‌ಗೆ ಸಭೆಯಲ್ಲಿ ಕೇಳಿದ ಪ್ರಶ್ನೆಯ ಪಕ್ಕದಲ್ಲಿ ಇದನ್ನಿಟ್ಟರೆ ನನಗೆ ಎದೆ ಭಾರವಾಗುತ್ತದೆ.

17. ಗೋಡೆಬರಹ

ಇಷ್ಟೆಲ್ಲ ಓದಿದ ಮೇಲೂ ಒಂದು ಅಳುಕು ಉಳಿದಿದೆ. ರೂಪದ ಬಗ್ಗೆಯೇ ಇಷ್ಟು ಬರೆದರೆ ನಾವೂ ಅದೇ ತಪ್ಪು ಮಾಡಿದಂತಲ್ಲವೇ?

18. ಕಡತಮನೆ

ನಾನು ಪಾಲಿಸುವ ಅಳತೆ ಇದು: ಯಾರಾದರೂ ಆ ರೂಪವನ್ನು ಹಿಡಿದು ಏನನ್ನಾದರೂ ಮಾಡಿದ್ದರೆ ಬರೆಯಿರಿ, ಪೊಲೀಸರು, ಪತ್ರಿಕೆ, ನ್ಯಾಯಾಲಯ, ಚಳವಳಿಯ ಮುಖಂಡರು ಅಥವಾ ಸ್ವತಃ ಅವರು. ಬರೀ ನೋಡುವವರ ಕಣ್ಣಿಗೆ ಹೇಗಿದ್ದರು ಎಂಬುದಾದರೆ ಬಿಡಿ.

ಡೇವಿಸ್ ಅವರನ್ನೇ ತೆಗೆದುಕೊಳ್ಳಿ. 1970ರ ಆಗಸ್ಟ್ 18ರಂದು ಎಫ್‌ಬಿಐ ಅವರನ್ನು ಹತ್ತು ಪ್ರಮುಖ ಪರಾರಿಗಳ ಪಟ್ಟಿಗೆ ಸೇರಿಸಿತು. ಪೋಸ್ಟರು ಅಂಚೆಕಚೇರಿಗಳಲ್ಲಿ ನೇತಾಡಿತು. ಆಫ್ರೋ ಇದ್ದ ಎಷ್ಟೋ ಕಪ್ಪು ಹೆಂಗಸರನ್ನು ಆ ಎರಡು ತಿಂಗಳು ಪೊಲೀಸರು ತಡೆದರು, ಹಿಡಿದರು. ಅತ್ತ ಡೇವಿಸ್ ಆಫ್ರೋವನ್ನು ವಿಗ್‌ನೊಳಗೆ ಮುಚ್ಚಿಕೊಂಡಿದ್ದರು. ಅಕ್ಟೋಬರ್ 13ರಂದು ನ್ಯೂಯಾರ್ಕ್‌ನಲ್ಲಿ ಸೆರೆ, 1972ರ ಜೂನ್ 4ರಂದು ಎಲ್ಲ ಆರೋಪಗಳಿಂದ ಬಿಡುಗಡೆ. 1994ರಲ್ಲಿ ಒಂದು ಫ್ಯಾಷನ್ ಪತ್ರಿಕಾಪುಟ ಅವರ ಬಂಧನದ ದೃಶ್ಯಗಳನ್ನು ರೂಪದರ್ಶಿಯ ಮೈಮೇಲೆ ಬಟ್ಟೆ ಮಾರಲು ಬಳಸಿತು. ತನ್ನನ್ನು ಒಂದು ಕೇಶವಿನ್ಯಾಸವಾಗಿ ಮಾತ್ರ ನೆನೆಯುತ್ತಾರೆ, ವಿಮೋಚನೆಯ ರಾಜಕಾರಣ ಫ್ಯಾಷನ್ನಾಗಿ ಇಳಿದಿದೆ ಎಂದು ಅವರು ಅದೇ ವರ್ಷ ನೋವಿನಿಂದ ಬರೆದರು. ಫಲಕದಲ್ಲಿ ಕೂದಲಿನ ಮಾತು ಬರಬೇಕಾದದ್ದು ಈ ಸರಣಿಯಾಗಿ. 2008ರ ಜುಲೈನಲ್ಲಿ ನ್ಯೂಯಾರ್ಕ್‌ನ ವಾರಪತ್ರಿಕೆಯೊಂದು ಮಿಶೆಲ್ ಒಬಾಮಾ ಅವರಿಗೆ ಆಫ್ರೋ ಬರೆದು, ಹೆಗಲಿಗೆ ಬಂದೂಕು ಏರಿಸಿ ಮುಖಪುಟ ಮಾಡಿತು. ವದಂತಿಗಳನ್ನು ಲೇವಡಿ ಮಾಡುವುದು ಉದ್ದೇಶವಾಗಿತ್ತು. ಆದರೂ ಭಯ ಹುಟ್ಟಿಸಬೇಕಾದಾಗ ಚಿತ್ರಕಾರನ ಕೈಗೆ ಮೊದಲು ಸಿಕ್ಕಿದ್ದು ಆ ಕೂದಲೇ.

ಚಿತ್ರಕ್ಕೆ: ಪೋಸ್ಟರ್ ಬೇಡ. ಬರ್ನಾರ್ಡ್ ಗಾಟ್‌ಫ್ರಿಡ್ 1974ರಲ್ಲಿ ತೆಗೆದದ್ದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಕ್ಕಿನ ತಡೆಯಿಲ್ಲದೆ ಸಿಗುತ್ತದೆ.

19. ಬಾಚಣಿಗೆ

ರಿಚರ್ಡ್‌ಸನ್‌ಗೂ ಆ ಅಳತೆ ಹೊಂದುತ್ತದೆ. 1963ರ ಆಗಸ್ಟ್ 28ರ ನಾಗರಿಕ ಹಕ್ಕುಗಳ ವಾಷಿಂಗ್ಟನ್ ಜಾಥಾಕ್ಕೆ ಟೋಪಿ, ಕೈಗವಸು, ಫ್ರಾಕ್ ಹಾಕಿ ಬನ್ನಿ, ಜೀನ್ಸ್ ಬೇಡ ಎಂದು ಅವರಿಗೆ ಹೇಳಿ ಕಳುಹಿಸಿದ್ದರು. ಅವರು ಹುಡುಕಿ ಡೆನಿಮ್ ಲಂಗ ತೊಟ್ಟು ಹೋದರು. ಮೈಕ್ ಮುಂದೆ ನಮಸ್ಕಾರ ಹೇಳುವಷ್ಟರಲ್ಲಿ ಅದನ್ನು ಕಿತ್ತುಕೊಂಡರು. ಮೇರಿಲ್ಯಾಂಡ್‌ನ ಕೇಂಬ್ರಿಜ್‌ನಲ್ಲಿ ಸೈನಿಕನ ಬಂದೂಕಿನ ಬಯೊನೆಟ್ಟನ್ನು ಕೈಯಿಂದ ಸರಿಸುವ ಅವರ ಚಿತ್ರ ಅದೇ ಬೇಸಿಗೆಯದು. ಅದು ಸುದ್ದಿಸಂಸ್ಥೆಯ ಸ್ವತ್ತು, ಅನುಮತಿ ಕೇಳಲೇಬೇಕು.

ಹೇಮರ್: "ದಡೂತಿ" ಬದಲು ಆ ಮೈಗೆ ಏನಾಯಿತು ಬರೆಯಿರಿ. ಆರನೇ ವಯಸ್ಸಿನಿಂದ ಹತ್ತಿ ಬಿಡಿಸುವ ಕೆಲಸ, ಬಾಲ್ಯದ ಪೋಲಿಯೊದಿಂದ ಕುಂಟು. 1961ರಲ್ಲಿ ಗೆಡ್ಡೆ ತೆಗೆಯಲೆಂದು ಹೋದಾಗ ವೈದ್ಯರು ಕೇಳದೆ ಗರ್ಭಕೋಶವನ್ನೇ ತೆಗೆದರು. 1963ರ ಜೂನ್‌ನಲ್ಲಿ ವಿನೋನಾ ಸೆರೆಮನೆಯ ಹೊಡೆತದಿಂದ ಮೂತ್ರಪಿಂಡಕ್ಕೂ ಕಣ್ಣಿಗೂ ಉಳಿದ ಪೆಟ್ಟು. 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಈ ಹೊಡೆತದ ಕತೆಯನ್ನು ದೇಶದ ಮುಂದೆ ಹೇಳುತ್ತಿರುವಾಗ ಅಧ್ಯಕ್ಷ ಜಾನ್ಸನ್ ದಿಢೀರ್ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ಸೆಳೆದರು. ಟಿವಿಯವರು ರಾತ್ರಿ ಅದನ್ನು ಪೂರ್ತಿ ತೋರಿಸಿದರು, ಇನ್ನೂ ಹೆಚ್ಚು ಜನ ನೋಡಿದರು. ಅಂದೇ ವಾರನ್ ಲೆಫ್ಲರ್ ತೆಗೆದ ಚಿತ್ರ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಮುಕ್ತವಾಗಿ ಬಳಸಬಹುದು.

20. ನೆರಳುಬೆಳಕು

ಫ್ರಾಂಕೊಗೆ ಒಂದು ಎಚ್ಚರಿಕೆ. 2018ರ ಮಾರ್ಚ್ 14ರಂದು ರಿಯೊದಲ್ಲಿ ಅವರನ್ನು ಗುಂಡಿಟ್ಟು ಕೊಂದ ಮರುದಿನಗಳಲ್ಲೇ, ಅವರು ಮಾದಕದ್ರವ್ಯದ ಪಾತಕಿಯ ಹೆಂಡತಿಯಾಗಿದ್ದರು ಎಂದು ಬೇರೆ ಯಾರದೋ ಚಿತ್ರ ಹರಿದಾಡಿತು. ಅದು ಈಗಲೂ ಹುಡುಕಾಟದಲ್ಲಿ ಸಿಗುತ್ತದೆ. ರಿಯೊ ನಗರಸಭೆಯ ಅಥವಾ ಅವರ ಕುಟುಂಬ ಕಟ್ಟಿದ ಸಂಸ್ಥೆಯ ಚಿತ್ರ ಮಾತ್ರ ಬಳಸಿ. ಅಡಿಬರಹದಲ್ಲಿ 2016ರ ನಗರಸಭೆ ಚುನಾವಣೆಯಲ್ಲಿ ಬಂದ 46,502 ಮತ, ಹುಟ್ಟಿ ಬೆಳೆದ "ಮರೆ" ಎಂಬ ಹೆಸರಿನ ರಿಯೊದ ಬಡಕೇರಿ, ಪೊಲೀಸ್ ದೌರ್ಜನ್ಯದ ವಿರುದ್ಧದ ಕೆಲಸ ಇರಲಿ.

21. ಗೋಡೆಬರಹ

ಎಲ್ಲರ ಮಾತು ಸೇರಿಸಿ ಕಾಲ್ವಿನ್ ಫಲಕದ ಮೊದಲ ಸಾಲುಗಳನ್ನು ಹೀಗೆ ತಿದ್ದಿದೆ:

"1955ರ ಮಾರ್ಚ್ 2. ಮಾಂಟ್‌ಗಮರಿಯ ಬಸ್ಸಿನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡಲಿಲ್ಲ. ಪೊಲೀಸರು ಕೈಕೋಳ ಹಾಕಿ ಇಳಿಸಿದರು. ಬಡ ಕೇರಿಯ, ಕಡುಬಣ್ಣದ, ನೇರಮಾಡದ ಕೂದಲಿನ ಈ ಹುಡುಗಿಯನ್ನು ಚಳವಳಿಯ ಮುಖವಾಗಿಸಲು ಮುಖಂಡರು ಹಿಂಜರಿದರು. ಮರುವರ್ಷ ಬಸ್ಸುಗಳ ಬೇರ್ಪಡಿಕೆಯನ್ನು ಕೊನೆಗಾಣಿಸಿದ ಮೊಕದ್ದಮೆಯಲ್ಲಿ ಪಾರ್ಕ್ಸ್ ಹೆಸರಿಲ್ಲ. ಕಾಲ್ವಿನ್ ಹೆಸರಿದೆ."

22. ಕಡತಮನೆ

ಒಂದೇ ತಿದ್ದುಪಡಿ. "ನಾಲ್ವರು ಮಹಿಳೆಯರ ಮೊಕದ್ದಮೆ" ಎಂದು ಸೇರಿಸಿ, ಉಳಿದ ಮೂವರ ಹೆಸರನ್ನೂ ಹಾಕಿ. ಇಲ್ಲದಿದ್ದರೆ ಅವರನ್ನು ನಾವೇ ಬಿಟ್ಟಂತಾಗುತ್ತದೆ.

23. ಅಚ್ಚುಮೊಳೆ

ಆಕೆಯ ಕನ್ನಡಕ ಹಾಕಿದ ಶಾಲಾ ಚಿತ್ರ ಚಿಕ್ಕದು, 2 ಅಡಿಗೆ ಹಿಗ್ಗಿಸಿದರೆ ಒಡೆಯುತ್ತದೆ. ಅನುಮತಿ ಸಿಕ್ಕರೆ 8 ಇಂಚಿಗೆ ಇಟ್ಟು, ಉಳಿದ ಜಾಗದಲ್ಲಿ ಆ ನಾಲ್ಕು ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಪೂರ್ತಿ ಹೊಡೆಸುವ ಮೊದಲು ಮುಖದ ಭಾಗದ 6 ಇಂಚಿನ ಪಟ್ಟಿ ಪರೀಕ್ಷೆಗೆ ಹೊಡೆಸಿ, ಟ್ಯೂಬ್‌ಲೈಟ್ ಕೆಳಗೂ ಹಗಲಿನ ಬೆಳಕಿನಲ್ಲೂ ನೋಡಿ.